9.4 ಟನ್ ಗೇರ್‌ಬಾಕ್ಸ್ ಜರ್ಮನಿಯಿಂದ ದಾವಣಗೆರೆಗೆ ವಿಮಾನದಲ್ಲಿ: ಮೊದಲೇ ಏನೇನು ನೋಡಿಕೊಳ್ಳಬೇಕು?

ನಾಲೆಬದಿ
ನಮಸ್ಕಾರ. ದಾವಣಗೆರೆ ಹತ್ತಿರದ ಸಕ್ಕರೆ ಕಾರ್ಖಾನೆಯೊಂದರಲ್ಲಿ ಮಿಲ್ ಡ್ರೈವ್‌ನ ಪ್ಲಾನೆಟರಿ ಗೇರ್‌ಬಾಕ್ಸ್ ಹಂಗಾಮಿನ ನಡುವೆಯೇ ಕೈಕೊಟ್ಟಿದೆ. ಹೊಸದು ಜರ್ಮನಿಯ ತಯಾರಕರ ಬಳಿ ಸಿದ್ಧವಿದೆ. ಹಡಗಿನಲ್ಲಿ ತರಿಸಿದರೆ ಕಾರ್ಖಾನೆ ಅಂಗಳಕ್ಕೆ ಬರಲು 50 ದಿನ ಎನ್ನುತ್ತಿದ್ದಾರೆ. ಅಷ್ಟರಲ್ಲಿ ರೈತರ ಕಬ್ಬು ಗದ್ದೆಯಲ್ಲೇ ಒಣಗುತ್ತದೆ. ಹಾಗಾಗಿ ವಿಮಾನದ ಮಾತು.

ಅಡಿಯ ಮರದ ಸ್ಕಿಡ್ (ಸಾಮಾನು ಕೂರಿಸುವ ತೊಲೆಗಳ ಚೌಕಟ್ಟು) ಸೇರಿ ಅಳತೆ: ಉದ್ದ 3.9 ಮೀ., ಅಗಲ 2.2 ಮೀ., ಎತ್ತರ 2.35 ಮೀ. ತೂಕ 9,400 ಕೆ.ಜಿ. ಒಬ್ಬ ಏಜೆಂಟರು "ಇಡೀ ವಿಮಾನ ಚಾರ್ಟರ್ ಮಾಡಬೇಕು" ಅನ್ನುತ್ತಾರೆ, ಇನ್ನೊಬ್ಬರು "ಮಾಮೂಲಿ ಬುಕಿಂಗ್ ಸಾಕು" ಅನ್ನುತ್ತಾರೆ. ಯಾವುದು ಸರಿ? ಪ್ಯಾಕಿಂಗ್, ಕಸ್ಟಮ್ಸ್, ಬೆಂಗಳೂರಿನಿಂದ ಇಲ್ಲಿಗೆ ರಸ್ತೆ ಸಾಗಣೆ, ಇವುಗಳಲ್ಲಿ ಎಡವುವುದು ಎಲ್ಲಿ? ಗೊತ್ತಿರುವವರು ದಯವಿಟ್ಟು ವಿವರವಾಗಿ ತಿಳಿಸಿ.

ತೂಕದಕಟ್ಟೆ
ಚಾರ್ಟರ್ ಬೇಡ. ಇಷ್ಟು ಸಾಮಾನು ವೇಳಾಪಟ್ಟಿಯ ಪ್ರಕಾರ ಹಾರುವ ಸರಕು ವಿಮಾನದ ಮೇಲಿನ ಡೆಕ್‌ನಲ್ಲಿ ಬರುತ್ತದೆ. ಬೋಯಿಂಗ್ 747-400 ಫ್ರೈಟರ್‌ನ ಪಕ್ಕದ ಬಾಗಿಲು ಸುಮಾರು 3.4 ಮೀ. ಅಗಲ, 3 ಮೀ. ಎತ್ತರ. 777 ಫ್ರೈಟರ್‌ನದು 3.72 ಮೀ. ಅಗಲ, 3.05 ಮೀ. ಎತ್ತರ. ಎತ್ತರದ ಮಟ್ಟಿಗೆ ನಿಮ್ಮ ಸಾಮಾನಿಗೆ ಎರಡೂ ಆಗುತ್ತವೆ. 747ರ ಮೂಗಿನ ಬಾಗಿಲು ಎತ್ತರದಲ್ಲಿ 2.49 ಮೀ. ಮಾತ್ರ. ಅಡಿಗೆ ಹಲಗೆ ಹಾಸಿದ ಮೇಲೆ ನಿಮ್ಮದು ಅದರಲ್ಲಿ ತೂರುವುದಿಲ್ಲ. ಆ ಬಾಗಿಲಿರುವುದು ಉದ್ದನೆಯ ಪೈಪು, ಶಾಫ್ಟುಗಳಿಗೆ.

ಪ್ರಯಾಣಿಕ ವಿಮಾನದ ಹೊಟ್ಟೆಯಲ್ಲಿ ಎತ್ತರ 1.6 ಮೀ. ಮೀರುವಂತಿಲ್ಲ. ಹಾಗಾಗಿ ಈಗಿನ ರೂಪದಲ್ಲಿ ಆ ದಾರಿ ಮುಚ್ಚಿದೆ.

ದರ ಕಟ್ಟುವುದು ನಿಜ ತೂಕ ಮತ್ತು ಗಾತ್ರ ತೂಕ ಇವೆರಡರಲ್ಲಿ ಹೆಚ್ಚಿರುವುದಕ್ಕೆ. ಗಾತ್ರ ತೂಕ ಅಂದರೆ ಸೆಂಟಿಮೀಟರ್‌ನಲ್ಲಿ ಉದ್ದ, ಅಗಲ, ಎತ್ತರ ಗುಣಿಸಿ 6,000ದಿಂದ ಭಾಗಿಸುವುದು. ನಿಮ್ಮದು 390 × 220 × 235 ÷ 6,000 = 3,360 ಕೆ.ಜಿ. ಆದ್ದರಿಂದ 9,400 ಕೆ.ಜಿ.ಗೇ ಬಿಲ್ಲು. ಪೆಟ್ಟಿಗೆ ಹತ್ತು ಸೆಂ.ಮೀ. ಚಿಕ್ಕದಾಯಿತೆಂದು ಬಾಡಿಗೆ ಇಳಿಯುವುದಿಲ್ಲ, ತೂಕ ಇಳಿದರೆ ಮಾತ್ರ ಇಳಿಯುತ್ತದೆ. ಕೊಟೇಶನ್ ಕೇಳುವಾಗ ಕೆ.ಜಿ. ದರದ ಜೊತೆಗೆ ಇಂಧನ ಸರ್‌ಚಾರ್ಜ್, ಭದ್ರತಾ ಶುಲ್ಕ, ಭಾರೀ ಸಾಮಾನಿನ ನಿರ್ವಹಣಾ ಶುಲ್ಕ, ಹಲಗೆ ಹಾಸಿನ ಖರ್ಚು, ಎರಡೂ ಕಡೆಯ ಟರ್ಮಿನಲ್ ಶುಲ್ಕ, ಎಲ್ಲವನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದು ಕೊಡಲು ಹೇಳಿ. ಬರೀ ಕೆ.ಜಿ. ದರ ಹೋಲಿಸಿ ಏಜೆಂಟರನ್ನು ಆರಿಸಿದರೆ ಕೊನೆಯ ಬಿಲ್ಲಿನಲ್ಲಿ ಪೆಟ್ಟು ಬೀಳುತ್ತದೆ.

ಇನ್ನು ಪ್ಯಾಲೆಟ್, ಅಂದರೆ ವಿಮಾನದಲ್ಲಿ ಸರಕು ಕೂರಿಸಿ ಕಟ್ಟುವ ಲೋಹದ ಹಾಳೆ. ಮಾಮೂಲಿ 10 ಅಡಿಯ ಪಿಎಂಸಿ ಪ್ಯಾಲೆಟ್ 2.44 × 3.18 ಮೀ., ಒಟ್ಟು ಮಿತಿ 6,804 ಕೆ.ಜಿ. ನಿಮ್ಮದು ಉದ್ದದಲ್ಲೂ ತೂಕದಲ್ಲೂ ಇದನ್ನು ಮೀರಿದೆ. 20 ಅಡಿಯ ಪಿಜಿಎ ಪ್ಯಾಲೆಟ್ ಬೇಕು: 2.44 × 6.06 ಮೀ., ಲೆಕ್ಕ ಹಾಕುವಾಗ 11,340 ಕೆ.ಜಿ. ಮಿತಿ ಹಿಡಿಯಿರಿ. ಇದರಲ್ಲಿ ಪ್ಯಾಲೆಟ್‌ನ ಸ್ವಂತ ತೂಕ ಸುಮಾರು 500 ಕೆ.ಜಿ., ಹಲಗೆ ತೊಲೆಗಳು 600-700 ಕೆ.ಜಿ. ಕೂಡ ಸೇರಬೇಕು. ಆದರೂ ಸುಮಾರು 10.6 ಟನ್ ಒಳಗೇ ಮುಗಿಯುತ್ತದೆ.

ಹಲಗೆಹಾಸು
ತೂಕದಕಟ್ಟೆ ಸರ್ ಹೇಳಿದ್ದರ ಮುಂದಿನ ಭಾಗ. ವಿಮಾನದವರು ಸಾಮಾನನ್ನು ತಿರಸ್ಕರಿಸುವುದು ಬಹುಪಾಲು ಇಲ್ಲೇ. ವಿಮಾನದ ನೆಲಕ್ಕೆ ಒಟ್ಟು ತೂಕಕ್ಕಿಂತ ಆ ತೂಕ ಎಷ್ಟು ಜಾಗದ ಮೇಲೆ ಕೂತಿದೆ ಎಂಬುದು ಮುಖ್ಯ. 2009ರಲ್ಲಿ ಎಎನ್-225 ವಿಮಾನ 187.6 ಟನ್ನಿನ ಒಂದೇ ಜನರೇಟರನ್ನು ಜರ್ಮನಿಯಿಂದ ಅರ್ಮೇನಿಯಾಕ್ಕೆ ಒಯ್ದಿತ್ತು. ತೂಕ ಹಂಚುವ ವ್ಯವಸ್ಥೆ ಸರಿಯಿದ್ದರೆ ಅಂಥದ್ದೂ ಸಾಧ್ಯ, ಇಲ್ಲದಿದ್ದರೆ ಎರಡು ಟನ್ನಿನ ಮೋಟರನ್ನೂ ಹತ್ತಿಸಿಕೊಳ್ಳುವುದಿಲ್ಲ.

ನಿಮ್ಮ ಡ್ರಾಯಿಂಗ್‌ನಲ್ಲಿ ಸ್ಕಿಡ್‌ನ ಅಡಿ ನೋಡಿ. ಸಾಮಾನ್ಯವಾಗಿ ಎರಡು ಉದ್ದದ ತೊಲೆ ಇರುತ್ತವೆ. ತಲಾ 25 ಸೆಂ.ಮೀ. ಅಗಲ ಎಂದಿಟ್ಟುಕೊಂಡರೆ ನೆಲಕ್ಕೆ ತಾಗುವುದು 0.25 × 3.9 × 2 = 1.95 ಚದರ ಮೀಟರ್ ಮಾತ್ರ. 9,400 ಕೆ.ಜಿ.ಯನ್ನು ಇದರಿಂದ ಭಾಗಿಸಿದರೆ ಚದರ ಮೀಟರಿಗೆ 4,820 ಕೆ.ಜಿ. ಹೀಗೆ ನೇರವಾಗಿ ಕೂರಿಸಲು ಲೋಡ್ ಮಾಸ್ಟರ್ (ವಿಮಾನಕ್ಕೆ ಸರಕು ಹೇರಿಸುವ ಹೊಣೆಗಾರ) ಒಪ್ಪುವುದಿಲ್ಲ.

ಮರದ ಹಲಗೆ ಒತ್ತಡವನ್ನು 45 ಡಿಗ್ರಿಯಲ್ಲಿ ಹರಡುತ್ತದೆ ಎಂದು ಲೆಕ್ಕ. ಅಂದರೆ 10 ಸೆಂ.ಮೀ. ದಪ್ಪದ ಮರ ಹಾಕಿದರೆ ಪ್ರತಿ ಅಂಚಿನಲ್ಲಿ 10 ಸೆಂ.ಮೀ. ಹೆಚ್ಚುವರಿ ಹರವು ಸಿಗುತ್ತದೆ. ತೊಲೆಯ 25 ಸೆಂ.ಮೀ. 45 ಆಗುತ್ತದೆ, ಉದ್ದ 4.1 ಮೀ. ಆಗುತ್ತದೆ. ಎರಡೂ ತೊಲೆ ಸೇರಿ 3.69 ಚದರ ಮೀ., ಒತ್ತಡ ಸುಮಾರು 2,550 ಕೆ.ಜಿ.ಗೆ ಇಳಿಯಿತು. ಇದೂ ಸಾಲದು. ಆದ್ದರಿಂದ ಪ್ಯಾಲೆಟ್ ಮೇಲೆ ಮೊದಲು ಹಲಗೆಯ ಹಾಸು, ಅದರ ಮೇಲೆ ಉದ್ದುದ್ದಕ್ಕೆ ಗಟ್ಟಿ ತೊಲೆ ಅಥವಾ ಉಕ್ಕಿನ ಬೀಮು, ಅದರ ಮೇಲೆ ಅಡ್ಡ ತೊಲೆ, ಆಮೇಲೆ ಗೇರ್‌ಬಾಕ್ಸ್. ಪೂರಾ ಪ್ಯಾಲೆಟ್ ಮೇಲೆ ಹರಡಿದರೆ 9,400 ÷ 14.8 ಚದರ ಮೀ. = ಸುಮಾರು 635 ಕೆ.ಜಿ. ನಿಜವಾದ ಅಂಕಿ ಇದಕ್ಕೂ ಮೊದಲಿನದಕ್ಕೂ ನಡುವೆ ಎಲ್ಲೋ ನಿಲ್ಲುತ್ತದೆ. ಜೊತೆಗೆ ಉದ್ದಳತೆಯ ಮಿತಿ ಬೇರೆ ಇದೆ: 3.9 ಮೀಟರಿನಲ್ಲೇ ಕೂತರೆ ಮೀಟರಿಗೆ 2,410 ಕೆ.ಜಿ., ಆರು ಮೀಟರಿಗೆ ಹರಡಿದರೆ 1,570. ಇದಕ್ಕೇ 6 ಮೀಟರ್ ತೊಲೆ ಬೇಕು ಅನ್ನುವುದು. ನಾಲ್ಕು ಮೀಟರಿನ ತೊಲೆ ಹಾಕಿ "ಮರ ಹಾಕಿದೀವಲ್ರೀ" ಅಂದರೆ ಆಗುವುದಿಲ್ಲ.

ಮುಚ್ಚಿದ ಮರದ ಪೆಟ್ಟಿಗೆ ಬೇಡವೇ ಬೇಡ. ಸಾಮಾನನ್ನು ಪ್ಯಾಲೆಟ್‌ಗೆ ಕಟ್ಟುವ ಪಟ್ಟಿ ಬಿಗಿದಾಗ ಪೆಟ್ಟಿಗೆಯ ಗೋಡೆ ಮುರಿಯುತ್ತದೆ, ಪಟ್ಟಿ ಸಡಿಲವಾಗುತ್ತದೆ. ತೆರೆದ ಸ್ಕಿಡ್, ಮೇಲೆ ತುಕ್ಕು ತಡೆಯುವ ಪ್ಲಾಸ್ಟಿಕ್ ಹೊದಿಕೆ, ಕೇಸಿಂಗ್‌ನ (ಹೊರಕವಚದ) ಕಣ್ಣುಗಳು, ಅಂದರೆ ಕೊಕ್ಕೆ ಸಿಕ್ಕಿಸುವ ಬಳೆಗಳು, ಹೊರಗೆ ಕಾಣುವಂತೆ. ಒಂದು ಪಟ್ಟಿಯ ತಾಳಿಕೆ 2,268 ಕೆ.ಜಿ. ಹಿಂದೆ, ಮುಂದೆ, ಪಕ್ಕಕ್ಕೆ ಸಾಮಾನ್ಯವಾಗಿ ತೂಕದ ಒಂದೂವರೆ ಪಟ್ಟು ತಡೆಯಬೇಕು: 14,100 ಕೆ.ಜಿ. ಪಟ್ಟಿ ನೇರ ಎಳೆದರೆ ಒಂದು ದಿಕ್ಕಿಗೆ 7 ಬೇಕು. 45 ಡಿಗ್ರಿಯಲ್ಲಿ ಇಳಿದರೆ ಒಂದರ ಕೆಲಸ 1,600ಕ್ಕೆ ಕುಗ್ಗುತ್ತದೆ, 9 ಬೇಕು. ಮೇಲ್ಮುಖವಾಗಿ ಮೂರು ಪಟ್ಟು ಹಿಡಿದರೆ ನೆಟ್ಟಗೆ ಇಳಿಯುವ 13 ಎಳೆ. ಅಂತಿಮ ಸಂಖ್ಯೆ ಆ ವಿಮಾನದ ಕೈಪಿಡಿಯದು. ಆದರೆ ಇಷ್ಟು ಪಟ್ಟಿಗೆ ಕೇಸಿಂಗ್ ಮೇಲೆ ಕಟ್ಟುವ ಜಾಗ ಇದೆಯೇ ಎಂದು ತಯಾರಕರನ್ನು ಈಗಲೇ ಕೇಳಿ. ಎತ್ತಲು ಕೊಟ್ಟ ನಾಲ್ಕೇ ಕಣ್ಣುಗಳಿಗೆ ಎಲ್ಲ ಪಟ್ಟಿಯನ್ನೂ ಸಿಕ್ಕಿಸಲಾಗದು. ಗುರುತ್ವ ಕೇಂದ್ರ ಎರಡೂ ಪಕ್ಕದಲ್ಲಿ ಕೆಂಪು ಬಣ್ಣದಲ್ಲಿ ಬರೆದಿರಲಿ.

ಬೇರಿಂಗ್‌ಮನೆ
ಎಣ್ಣೆ ಪೂರ್ತಿ ಬಸಿದು, "ಬಸಿದಿದೆ, ಒಳಗೆ ತುಕ್ಕುನಿರೋಧಕ ಲೇಪ ಮಾತ್ರ ಇದೆ" ಎಂಬ ಪತ್ರ ತಯಾರಕರ ಲೆಟರ್‌ಹೆಡ್‌ನಲ್ಲಿ ತೆಗೆದುಕೊಳ್ಳಿ. ಗೇರ್ ಎಣ್ಣೆಯ ಜ್ವಲನಾಂಕ 60 ಡಿಗ್ರಿಗಿಂತ ಬಹಳ ಮೇಲೆ, ಅದು ಅಪಾಯಕಾರಿ ಸರಕಲ್ಲ. ಆದರೂ ಪ್ಯಾಲೆಟ್ ಮೇಲೆ ಎರಡು ಹನಿ ಎಣ್ಣೆ ಕಂಡರೆ ಟರ್ಮಿನಲ್‌ನವರು ಸಾಮಾನನ್ನು ಬದಿಗಿಡುತ್ತಾರೆ. ಅದು ಯಾವ ಎಣ್ಣೆ ಎಂದು ಅಲ್ಲಿ ನಿಂತವರಿಗೆ ಹೇಗೆ ತಿಳಿಯಬೇಕು?

ಬ್ರೀದರ್‌ಗೆ (ಒಳಗಿನ ಗಾಳಿ ಆಡುವ ಕಿಂಡಿಗೆ) ಕುರುಡು ಪ್ಲಗ್ ಹಾಕಿ ಕಳಿಸುತ್ತಾರೆ, ಅದೊಂದು ತಪ್ಪು. ಹಾರುವಾಗ ಸರಕು ಕೋಣೆಯ ಗಾಳಿಯೊತ್ತಡ ಸುಮಾರು 2,400 ಮೀ. ಎತ್ತರದಲ್ಲಿರುವಷ್ಟಕ್ಕೆ ಇಳಿಯಬಹುದು, ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತಲೂ ತೆಳುವಾದ ಗಾಳಿ. ನೆಲದ ಮೇಲಿದ್ದಾಗಲೇ ಮುಚ್ಚಿದ ಗೇರ್‌ಬಾಕ್ಸ್‌ನ ಒಳಗೂ ಹೊರಗೂ ಆಗ ಚದರ ಸೆಂ.ಮೀ.ಗೆ ಸುಮಾರು ಕಾಲು ಕೆ.ಜಿ. ವ್ಯತ್ಯಾಸ. 50 ಸೆಂ.ಮೀ. ವ್ಯಾಸದ ತಪಾಸಣಾ ಮುಚ್ಚಳವನ್ನು ಒಳಗಿನಿಂದ ಅರ್ಧ ಟನ್ ಬಲ ತಳ್ಳಿದಂತೆ. ಬೋಲ್ಟು ತಡೆಯುತ್ತದೆ, ಆದರೆ ಗ್ಯಾಸ್ಕೆಟ್ ಮತ್ತು ಶಾಫ್ಟ್ ಸೀಲಿನ ತುಟಿಯಲ್ಲಿ ಎಣ್ಣೆ ಜಿನುಗುತ್ತದೆ. ತೇವ ಹೀರುವ ಬ್ರೀದರ್ ಹಾಕಿಸಿ. ಗಾಳಿ ಆಡುತ್ತದೆ, ತೇವ ಒಳಗೆ ಹೋಗುವುದಿಲ್ಲ.

ಎರಡೂ ಶಾಫ್ಟುಗಳನ್ನು ಉದ್ದುದ್ದಕ್ಕೆ ಸರಿಯದಂತೆಯೂ ತಿರುಗದಂತೆಯೂ ಲಾಕ್ ಮಾಡಿಸಬೇಕು. ತಿರುಗದೆ ನಿಂತ ಬೇರಿಂಗ್ ಸಾಗಣೆಯಲ್ಲಿ ಒಂದೇ ಸಮ ನಡುಗಿದರೆ ರೋಲರ್ ಕೂತ ಜಾಗದಲ್ಲೇ ರೇಸ್ (ರೋಲರ್ ಉರುಳುವ ಬಳೆ) ಮೇಲೆ ಗೀರು ಗೀರಾಗಿ ಕುಳಿ ಬೀಳುತ್ತದೆ. ಆ ಹಾನಿ ಬಹುತೇಕ ರಸ್ತೆಯ ಮೇಲೆ ಆಗುವಂಥದ್ದು, ಆಕಾಶದಲ್ಲಿ ಅಲ್ಲ. ಬೆಂಗಳೂರಿನಿಂದ ತರುವ ಟ್ರೇಲರ್‌ಗೆ ಏರ್ ಸಸ್ಪೆನ್ಶನ್ ಇರಲಿ, ಎರಡು ಶಾಕ್ ಸೂಚಕ ಅಂಟಿಸಿರಲಿ. ವಿಮಾನ ನಿಲ್ದಾಣದಲ್ಲಿ ಬಿಡಿಸಿಕೊಳ್ಳುವಾಗ ಸೂಚಕ ಕೆಂಪಾಗಿದ್ದರೆ ರಸೀದಿಯ ಮೇಲೆಯೇ ಬರೆಸಿ, ಫೋಟೊ ತೆಗೆಯಿರಿ. ಆಮೇಲೆ ಬರೆದರೆ ವಿಮೆಯವರು ಕೇಳುವುದಿಲ್ಲ.

ಕೋಟೆಗಾಳಿ
ಚಿತ್ರದುರ್ಗ-ಹಿರಿಯೂರು ಕಡೆ ಗಾಳಿಯಂತ್ರದ ಬಿಡಿಭಾಗ ತರಿಸುವವರೂ ಇದನ್ನು ಓದುತ್ತಿರಬಹುದು, ಅವರಿಗಾಗಿ ಎರಡು ಮಾತು. ಹೈಡ್ರಾಲಿಕ್ ಅಕ್ಯುಮುಲೇಟರ್‌ನಲ್ಲಿ ನೈಟ್ರೋಜನ್ ಒತ್ತಡ ಇರುತ್ತದೆ. ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಅದು ಯುಎನ್ 3164, ಘೋಷಿಸಲೇಬೇಕು. ಶಾಶ್ವತ ಅಯಸ್ಕಾಂತದ ಜನರೇಟರ್ ಆದರೆ ಯುಎನ್ 2807 ಪರೀಕ್ಷೆ: 2.1 ಮೀ. ದೂರದಲ್ಲಿ ಕಾಂತಕ್ಷೇತ್ರ 0.159 ಆಂಪಿಯರ್ ಪ್ರತಿ ಮೀಟರ್ ತಲುಪಿದರೆ ಅಪಾಯಕಾರಿ ಸರಕು. 4.6 ಮೀ. ದೂರದಲ್ಲಿ 0.418 ಮೀರಿದರೆ ವಿಶೇಷ ಅನುಮತಿಯಿಲ್ಲದೆ ಹಾರಿಸುವಂತಿಲ್ಲ, ವಿಮಾನದ ದಿಕ್ಸೂಚಿಗೆ ತೊಂದರೆ. ಸುತ್ತ ಉಕ್ಕಿನ ತಗಡಿನ ಕವಚ ಹಾಕಿ ಮತ್ತೆ ಅಳೆದರೆ ಎಷ್ಟೋ ಸಲ ಮಿತಿಯೊಳಗೆ ಬರುತ್ತದೆ. ಗಾಳಿಯಂತ್ರದ ರೆಕ್ಕೆಯ ವಿಚಾರ ಕೇಳಲೇಬೇಡಿ: ಎಎನ್-124ರ ಸರಕು ಕೋಣೆಯೇ 36.5 ಮೀ. ಉದ್ದ, ಇಂದಿನ ರೆಕ್ಕೆಗಳು ಅದಕ್ಕಿಂತ ಎಷ್ಟೋ ಉದ್ದ.

ತುಂಗೆಯಾಚೆ
ಶಿವಮೊಗ್ಗ ವಿಮಾನ ನಿಲ್ದಾಣ ದಾವಣಗೆರೆಗೆ ಇಷ್ಟು ಹತ್ತಿರ ಇದೆ, ರನ್‌ವೇ 3.2 ಕಿ.ಮೀ. ಇದೆ. ಅಲ್ಲಿಗೇ ಇಳಿಸಬಾರದೇ?

ತೂಕದಕಟ್ಟೆ
ರನ್‌ವೇ ಉದ್ದ ಒಂದೇ ಸಾಲದು ಸರ್. ಆಮದು ಸರಕು ಇಳಿಯುವ ಕಡೆ ಕಸ್ಟಮ್ಸ್ ಇರಬೇಕು. 747ರ ಮೇಲಿನ ಡೆಕ್ ನೆಲದಿಂದ ಸುಮಾರು 5 ಮೀ. ಎತ್ತರ, ಅಲ್ಲಿಂದ ಹತ್ತು ಟನ್ನಿನ ಪ್ಯಾಲೆಟ್ ಇಳಿಸಲು ಹೈ ಲೋಡರ್ ಬೇಕು. ಎಎನ್-124 ಆದರೆ ಮುಂದಕ್ಕೆ ಮಂಡಿಯೂರುತ್ತದೆ, ಒಳಗೇ ಕ್ರೇನ್ ಇದೆ, ಹೊರಗಿನ ಲೋಡರ್ ಬೇಡ. ಆದರೆ 120 ಟನ್ ಹೊರುವ ವಿಮಾನವನ್ನು 9 ಟನ್ನಿಗೆ ಕರೆಸುವವರಿಲ್ಲ. ಈ ಸಾಮಾನಿಗೆ ದೇವನಹಳ್ಳಿಯೇ ಸರಿ.

ಸುಂಕದಕಟ್ಟೆ
ಕಸ್ಟಮ್ಸ್ ಬಗ್ಗೆ. ವಿಮಾನದ ಬಾಡಿಗೆ ಎಷ್ಟೇ ಆಗಲಿ, ಸುಂಕದ ಮೌಲ್ಯಕ್ಕೆ ಸೇರಿಸುವುದು ಎಫ್‌ಒಬಿ ಬೆಲೆಯ (ಬಾಡಿಗೆ, ವಿಮೆ ಸೇರದ ಬೆಲೆ) ಶೇ 20ರವರೆಗೆ ಮಾತ್ರ. ಇದು ಮೌಲ್ಯನಿರ್ಣಯ ನಿಯಮಗಳ 10(2)ರಲ್ಲೇ ಇದೆ. ಲೆಕ್ಕಕ್ಕೆ ಗೇರ್‌ಬಾಕ್ಸ್ ₹1.2 ಕೋಟಿ, ವಿಮಾನದ ಬಾಡಿಗೆ ₹40 ಲಕ್ಷ ಎಂದಿಟ್ಟುಕೊಳ್ಳಿ. ಸುಂಕಕ್ಕೆ ಸೇರುವುದು ₹24 ಲಕ್ಷ. ವಿಮೆ ಬೇರೆ ಸೇರುತ್ತದೆ. ಇನ್‌ವಾಯ್ಸ್‌ನಲ್ಲಿ ಎಫ್‌ಒಬಿ ಬೆಲೆ ಮತ್ತು ಬಾಡಿಗೆ ಬಿಡಿಬಿಡಿಯಾಗಿ ಇರಬೇಕು. ಎಲ್ಲ ಒಟ್ಟುಗೂಡಿಸಿ ಒಂದೇ ಅಂಕಿ ಬರೆದಿದ್ದರೆ ಈ ಲಾಭ ಕೇಳಲು ಕಷ್ಟ.

ಬಿಲ್ ಆಫ್ ಎಂಟ್ರಿಯಲ್ಲಿ (ಕಸ್ಟಮ್ಸ್‌ಗೆ ಕೊಡುವ ಆಮದು ಘೋಷಣೆ) ಜಿಎಸ್‌ಟಿ ಸಂಖ್ಯೆ ಸರಿಯಿದ್ದರೆ ಐಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ ಆಗಿ ಬರುತ್ತದೆ. ಮರದ ಪ್ರತಿ ತುಂಡಿನ ಮೇಲೆ ಐಎಸ್‌ಪಿಎಂ-15 (ಕೀಟ ತಡೆಯಲು ಮರದ ಪ್ಯಾಕಿಂಗ್‌ಗಿರುವ ಅಂತರರಾಷ್ಟ್ರೀಯ ನಿಯಮ) ಮುದ್ರೆ ಬೇಕು: ಮರದ ತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಕಾದಿರಬೇಕು. ಸ್ಕಿಡ್‌ಗೆ ಮುದ್ರೆ ಇದ್ದು, ಕೊನೆ ಗಳಿಗೆಯಲ್ಲಿ ಸೇರಿಸಿದ ಬೆಣೆ ತುಂಡುಗಳಿಗೆ ಇಲ್ಲದಿದ್ದರೆ ಸಸ್ಯ ಸಂಗರೋಧದವರು ಅದನ್ನೇ ಹಿಡಿಯುತ್ತಾರೆ. ಹಲಗೆಹಾಸು ಹೇಳಿದ ತೊಲೆಗಳಿಗೂ ಇದು ಅನ್ವಯ.

ಜರ್ಮನಿಯ ನಿಲ್ದಾಣದ ಭದ್ರತಾ ತಪಾಸಣೆಯನ್ನೂ ಕೇಳಿಕೊಳ್ಳಿ. ಇಷ್ಟು ದಪ್ಪ ಎರಕದೊಳಗೆ ಎಕ್ಸ್‌ರೇ ತೂರದು, ಪರದೆಯಲ್ಲಿ ಕಪ್ಪು ಮುದ್ದೆ ಕಾಣುತ್ತದೆ. ತಯಾರಕರು 'ನೋನ್ ಕನ್ಸೈನರ್' (ಭದ್ರತೆಯ ಮಟ್ಟಿಗೆ ನಂಬಿಕಸ್ಥ ರವಾನೆದಾರ) ಮಾನ್ಯತೆ ಹೊಂದಿದ್ದರೆ ಮತ್ತೆ ತಪಾಸಣೆ ಬೇಡ. ಇಲ್ಲದಿದ್ದರೆ ನಾಯಿ ಅಥವಾ ಸ್ಫೋಟಕ ಕಣ ಪರೀಕ್ಷೆಗೆ ಸಮಯ ಕಾದಿರಿಸಬೇಕು, ಹೊದಿಕೆ ಬಿಚ್ಚುವ ಹಾಗಿರಬೇಕು.

ಕೆಟ್ಟ ಗೇರ್‌ಬಾಕ್ಸನ್ನು ಗುಜರಿಗೆ ಹಾಕಬೇಡಿ. ದುರಸ್ತಿಗೆ ಹಡಗಿನಲ್ಲಿ ನಿಧಾನವಾಗಿ ಕಳಿಸಬಹುದು. ಮೂರು ವರ್ಷದೊಳಗೆ ಮರಳಿ ತಂದರೆ ಕಸ್ಟಮ್ಸ್ ಅಧಿಸೂಚನೆಯ ಪ್ರಕಾರ ಸುಂಕ ಬೀಳುವುದು ದುರಸ್ತಿಯ ನ್ಯಾಯವಾದ ವೆಚ್ಚ, ಹೋಗಿಬರುವ ಬಾಡಿಗೆ ಮತ್ತು ವಿಮೆಗೆ ಮಾತ್ರ. ಹೋಗುವಾಗಲೇ ಶಿಪ್ಪಿಂಗ್ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ, ನೇಮ್‌ಪ್ಲೇಟಿನ ಫೋಟೊ ಲಗತ್ತಿಸಿ. ಅದೇ ವಸ್ತು ಎಂದು ತೋರಿಸಲಾಗದಿದ್ದರೆ ಪೂರ್ತಿ ಬೆಲೆಗೆ ಸುಂಕ.

ಬೇರಿಂಗ್‌ಮನೆ
ನಾಲೆಬದಿ ಅವರೇ, ಒಂದು ಪ್ರಶ್ನೆ. ಇಡಿಯಾಗಿ ಏಕೆ ತರಿಸುತ್ತೀರಿ? ನಿಮ್ಮಲ್ಲಿರುವ ಕೇಸಿಂಗ್ ಗಟ್ಟಿಯಿದ್ದರೆ ಒಳಗಿನ ಪ್ಲಾನೆಟ್ ಕ್ಯಾರಿಯರ್, ಗೇರು, ಬೇರಿಂಗ್ ಮಾತ್ರ ತರಿಸಬಹುದಲ್ಲ? ಇಲ್ಲದಿದ್ದರೆ ಇನ್‌ಪುಟ್ ಹಂತ ಬಿಚ್ಚಿ ಎರಡು ತುಂಡು ಮಾಡಲಾಗುತ್ತದೆಯೇ?

ನಾಲೆಬದಿ
ಎಲ್ಲರಿಗೂ ಧನ್ಯವಾದ. ಕೇಸಿಂಗ್‌ನಲ್ಲೇ ಬಿರುಕಿದೆ, ಹಾಗಾಗಿ ಇಡೀ ಗೇರ್‌ಬಾಕ್ಸೇ ಬೇಕು. ತಯಾರಕರನ್ನು ಕೇಳಿದೆವು, ಇನ್‌ಪುಟ್ ಹಂತ ಫ್ಲೇಂಜಿನಲ್ಲಿ ಬಿಚ್ಚುತ್ತದೆಯಂತೆ. ಮುಖ್ಯ ಭಾಗ 6,750 ಕೆ.ಜಿ., 2.9 × 2.2 × 2.2 ಮೀ. ಇನ್‌ಪುಟ್ ಭಾಗ 2,800 ಕೆ.ಜಿ., 1.9 × 1.5 × 1.45 ಮೀ. ಹಾಗಾದರೆ ಮುಖ್ಯ ಭಾಗ 10 ಅಡಿ ಪ್ಯಾಲೆಟ್‌ನಲ್ಲಿ, ಸಣ್ಣದು ಪ್ರಯಾಣಿಕ ವಿಮಾನದಲ್ಲಿ ತರಬಹುದಲ್ಲವೇ?

ಹಲಗೆಹಾಸು
ಮುಖ್ಯ ಭಾಗಕ್ಕೆ 10 ಅಡಿ ಪ್ಯಾಲೆಟ್ ಸಾಲದು. 6,804 ಕೆ.ಜಿ. ಮಿತಿಯೊಳಗೆ ಪ್ಯಾಲೆಟ್‌ನ 120 ಕೆ.ಜಿ.ಯೂ ಬರಬೇಕು, ಅಲ್ಲಿಗೇ 6,870. ಮೇಲೆ ಹಲಗೆ. ಡ್ರಾಯಿಂಗ್‌ನ ತೂಕಕ್ಕೂ ತಕ್ಕಡಿಯ ತೂಕಕ್ಕೂ ನೂರಿನ್ನೂರು ಕೆ.ಜಿ. ಹೆಚ್ಚುಕಡಿಮೆ ಸಹಜ, ಅದನ್ನೂ ನೆನಪಿಡಿ. ಸಾಮಾನು ಕಾರ್ಖಾನೆ ಬಿಡುವ ಮೊದಲೇ ತೂಕದ ಚೀಟಿ ತರಿಸಿಕೊಳ್ಳಿ.

ಎರಡನ್ನೂ ಒಂದೇ 20 ಅಡಿ ಪ್ಯಾಲೆಟ್ ಮೇಲೆ ಸಾಲಾಗಿ ಕೂರಿಸಿ. ಎರಡರ ಉದ್ದ ಸೇರಿ 4.8 ಮೀ., ನಡುವೆ 20 ಸೆಂ.ಮೀ. ಅಂತರ, ಒಟ್ಟು 5 ಮೀ. ಪ್ರತಿ ತುಂಡಿನ ಗುರುತ್ವ ಕೇಂದ್ರ ಅದರದರ ನಡುವಿನಲ್ಲಿದೆ ಎಂದು ಹಿಡಿದರೆ, ದೊಡ್ಡದು ಒಂದು ಅಂಚಿನಿಂದ 82 ಸೆಂ.ಮೀ. ಬಿಟ್ಟು ಶುರುವಾಗಬೇಕು, ಸಣ್ಣದು ಇನ್ನೊಂದು ಅಂಚಿಗೆ 24 ಸೆಂ.ಮೀ. ಮುಂಚೆ ಮುಗಿಯಬೇಕು. ಆಗ ಒಟ್ಟು ತೂಕ ಸರಿಯಾಗಿ ಪ್ಯಾಲೆಟ್‌ನ ನಡುಬಿಂದುವಿನ ಮೇಲೆ ಕೂರುತ್ತದೆ. 9,550ಕ್ಕೆ ಪ್ಯಾಲೆಟ್, ಮರ ಸೇರಿ ಸುಮಾರು 10,750. ಮಿತಿಯೊಳಗಿದೆ. ತೂಕ ತಾನಾಗಿಯೇ ಉದ್ದಕ್ಕೆ ಹರಡುವುದರಿಂದ ಬೀಮುಗಳ ಮೇಲಿನ ಭಾರವೂ ತಗ್ಗುತ್ತದೆ. ಪ್ಯಾಲೆಟ್ ಕಟ್ಟಲು ಸಮಯ ಬೇಕು, ವಿಮಾನ ಹೊರಡುವ ಕನಿಷ್ಠ ಎರಡು ದಿನ ಮೊದಲು ನಿಲ್ದಾಣಕ್ಕೆ ತಲುಪಿಸಲು ಹೇಳಿ.

ಸುಂಕದಕಟ್ಟೆ
ಒಂದೇ ಪ್ಯಾಲೆಟ್ ಆದರೆ ಒಂದೇ ಏರ್‌ವೇ ಬಿಲ್, ಒಂದೇ ಬಿಲ್ ಆಫ್ ಎಂಟ್ರಿ. ಬೇರೆ ಬೇರೆ ವಿಮಾನದಲ್ಲಿ ಬಂದರೆ ಇದು ಪೂರ್ಣ ಗೇರ್‌ಬಾಕ್ಸೋ ಬಿಡಿಭಾಗವೋ ಎಂಬ ಪ್ರಶ್ನೆ ಏಳುತ್ತದೆ, ಅದು ಇತ್ಯರ್ಥ ಆಗುವವರೆಗೆ ಟರ್ಮಿನಲ್‌ನಲ್ಲಿ ಡೆಮರೇಜ್ (ಸಾಮಾನು ಬಿಡಿಸಿಕೊಳ್ಳಲು ತಡವಾದರೆ ಬೀಳುವ ಶುಲ್ಕ) ಏರುತ್ತಾ ಹೋಗುತ್ತದೆ.

ಹೆದ್ದಾರಿ 48
ರಸ್ತೆ ನಾನು ಹೇಳ್ತೀನಿ. ದೇವನಹಳ್ಳಿಯಿಂದ ಬೆಂಗಳೂರೊಳಗೆ ಹೋಗಬೇಡ್ರಿ. ದೊಡ್ಡಬಳ್ಳಾಪುರ, ದಾಬಸ್‌ಪೇಟೆ, ಅಲ್ಲಿಂದ ಹೆದ್ದಾರಿ 48 ಹಿಡಿದು ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗ, ದಾವಣಗೆರೆ. ಅಗಲ 2.2 ಮೀ. ಅಂದ್ರೆ 2.6ರೊಳಗೇ ಇದೆ, ಓಡಿಸಿ (ODC, ಅಳತೆ ಮೀರಿದ ಸರಕು) ಪರ್ಮಿಟ್ ಬೇಕಿಲ್ಲ.

ಇಡಿಯಾಗಿ ತಂದಿದ್ರೆ ಲೋಬೆಡ್ (ತಗ್ಗು ಹಾಸಿನ ಟ್ರೇಲರ್) ಬೇಕಾಗ್ತಿತ್ತು, ಅಲ್ಲಿ ಕಷ್ಟ ಇರೋದು ಕೊನೆ ಹತ್ತು ಕಿ.ಮೀ. ಒಳಗೆ. ಭದ್ರಾ ನಾಲೆಯ ಸಣ್ಣ ಸೇತುವೆಗಳ ಉಬ್ಬಿನ ಮೇಲೆ ಲೋಬೆಡ್‌ನ ಹೊಟ್ಟೆ ತಾಗಿ ಕೂತುಬಿಡುತ್ತೆ, ಹಿಂದಕ್ಕೂ ಬರಲ್ಲ ಮುಂದಕ್ಕೂ ಹೋಗಲ್ಲ. ಈಗ ಎತ್ತರ 2.2 ಮೀ. ಆಗಿರೋದ್ರಿಂದ 1.5 ಮೀ. ಎತ್ತರದ ಮಾಮೂಲಿ ಟ್ರೇಲರ್ ಸಾಕು. ಒಟ್ಟು 3.7 ಮೀ. ಉಬ್ಬು ದಾಟುತ್ತೆ. ಆದ್ರೆ ಹಳ್ಳಿ ದಾರೀಲಿ ಜೋತುಬಿದ್ದ ತಂತಿ ಇದ್ದೇ ಇರುತ್ತೆ. ಹಿಂದಿನ ದಿನವೇ ಬೈಕಲ್ಲಿ 4 ಮೀ. ಬಿದಿರು ಗಳ ಹಿಡ್ಕೊಂಡು ದಾರಿ ನೋಡ್ರಿ. ತಂತಿ ಹತ್ತಿರ ಗಳವನ್ನ ಎತ್ತಬೇಡ್ರಿ, ದೂರ ನಿಂತು ಕಣ್ಣಳತೆಗೆ ಹೋಲಿಸಿ, ಅನುಮಾನ ಇದ್ದಲ್ಲಿ ಬೆಸ್ಕಾಂ ಲೈನ್‌ಮನ್‌ಗೆ ಹೇಳಿ ಲೈನ್ ಆಫ್ ಮಾಡಿಸ್ರಿ.

ಇಳಿಸೋಕೆ 12 ಟನ್ ಹೈಡ್ರಾ ಕ್ರೇನ್ ತಂದ್ರೆ ಆಯ್ತು ಅಂದ್ಕೋಬೇಡ್ರಿ. ಆ 12 ಟನ್ ಬೂಮ್ ಒಳಗೆ ಎಳ್ಕೊಂಡು, ಸಾಮಾನು ಮೂಗಿನ ಹತ್ತಿರ ಇದ್ದಾಗ ಮಾತ್ರ. ಟ್ರೇಲರ್ ಪಕ್ಕದಿಂದ ಕೈ ಚಾಚಿದ್ರೆ ಅರ್ಧಕ್ಕೂ ಕಡಿಮೆ ಆಗಬಹುದು. ಕ್ಯಾಬಿನ್‌ನಲ್ಲಿರೋ ಲೋಡ್ ಚಾರ್ಟ್ ಓದಿ, 6,750 ಕೆ.ಜಿ.ಗೆ ಬೇಕಾದ ಚಾಚಳತೆ ಅದರಲ್ಲಿ ಇದ್ರೆ ಮಾತ್ರ ಎತ್ತಿಸ್ರಿ. ಇಲ್ಲಾಂದ್ರೆ 40 ಟನ್ ಟ್ರಕ್ ಕ್ರೇನ್ ಕರೆಸ್ರಿ. ನಾಲ್ಕು ಸ್ಲಿಂಗ್ ಇದ್ರೂ ಎರಡೇ ಹೊರುತ್ತವೆ ಅಂತ ಲೆಕ್ಕ ಹಾಕಿ. ನೆಲಕ್ಕೆ 60 ಡಿಗ್ರಿ ಕೋನದಲ್ಲಿ ಒಂದೊಂದಕ್ಕೆ 3,900 ಕೆ.ಜಿ. ಬೀಳುತ್ತೆ, 30 ಡಿಗ್ರಿಗೆ ಮಲಗಿದ್ರೆ ಒಂದೊಂದೂ ಪೂರ್ತಿ 6,750 ಎಳೆಯುತ್ತೆ. ಕೇಸಿಂಗ್‌ನ ಚೂಪು ಅಂಚಿಗೆ ಬೆಲ್ಟು ತಾಗೋ ಕಡೆ ದಪ್ಪ ರಬ್ಬರ್ ತುಂಡು ಇಡ್ರಿ, ಹಳೆ ಟೈರ್ ಕತ್ತರಿಸಿದ್ದಾದ್ರೂ ನಡೆಯುತ್ತೆ.